ಅಜ್ಜಿಯ ಮುದ್ರೆ, ನನ್ನ ಮಾತು

ಹುಡುಗಿಯರ ಹಾಸ್ಟೆಲ್, ಗೀಜಾ
ಬುಧವಾರ, 9 ಮಾರ್ಚ್ 1988

ಪ್ರೀತಿಯ ಅಜ್ಜಿ,

ಮಂಡಿ ಹೇಗಿದೆ? ಜಗಾಜಿಗಿನಲ್ಲಿ ಹಮೀದಾ ಅಜ್ಜಿಯ ಮನೆಯ ಮೆಟ್ಟಿಲು ಬಹಳ ಕಡಿದು, ಆದರೂ ನೀನು ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಪಾರಿವಾಳಗಳಿಗೆ ಕಾಳು ಹಾಕುತ್ತೀಯಂತೆ. ಅಮ್ಮ ಕುವೈತಿನಿಂದ ಫೋನು ಮಾಡಿದಾಗ ಹೇಳಿದಳು. ಹತ್ತಬೇಡ. ಹತ್ತಲೇಬೇಕಾದರೆ ಗೋಡೆ ಹಿಡಿದುಕೊಂಡು ಹತ್ತು. ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಬಿಳಿ ಡಬ್ಬಿಯದು ಊಟಕ್ಕೆ ಮುಂಚೆ, ಕಂದು ಡಬ್ಬಿಯದು ಊಟವಾದ ಮೇಲೆ. ನೀನು ಜಗಾಜಿಗಿಗೆ ಹೊರಟ ದಿನ ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದೆ. ಅಂಟಿಸಿದ ಮೇಲೆ ಹೊಳೆಯಿತು, ಓದಲು ಬಾರದವಳಿಗೆ ಚೀಟಿ ಯಾಕೆ ಎಂದು. ನೀನು ನಕ್ಕು, "ಇರಲಿ ಬಿಡೇ, ಡಬ್ಬಿಗೆ ಲಕ್ಷಣವಾಗಿದೆ" ಅಂದೆ. ನನ್ನ ತಪ್ಪುಗಳನ್ನೆಲ್ಲ ನೀನು ಹೀಗೆಯೇ ಲಕ್ಷಣ ಮಾಡಿಬಿಡುತ್ತೀಯ. ಇವತ್ತು ಬರೆಯುತ್ತಿರುವುದನ್ನು ಹಾಗೆ ಮಾಡಬೇಡ.

ಎಹ್ಸಾನ್ ಅಕ್ಕ, ಹಮೀದಾ ಅಜ್ಜಿಯ ಸೊಸೆಯಾದ ನೀವೇ ಇದನ್ನು ಓದುತ್ತಿರುತ್ತೀರಿ, ಆ ಮನೆಯಲ್ಲಿ ಓದು ಬಲ್ಲವರು ನೀವೊಬ್ಬರೇ. ಶಾಲೆಯಲ್ಲಿ ನಿಮ್ಮ ಮೂರನೇ ತರಗತಿಯ ಮಕ್ಕಳಿಗೆ ಓದುವ ಹಾಗೆ ಗಟ್ಟಿಯಾಗಿ, ನಿಧಾನವಾಗಿ ಓದಿ. ಒಂದು ಸಾಲನ್ನೂ ಬಿಡಬೇಡಿ. ಅಜ್ಜಿಗೆ ನೋವಾಗುತ್ತದೆಂದು ಮಾತನ್ನು ಮೆತ್ತಗೆ ಮಾಡಬೇಡಿ. ಓದಿ ಹೇಳುವವಳು ಮಾತು ಬದಲಿಸಿದರೆ ಏನಾಗುತ್ತದೆ ಎಂಬುದೇ ಈ ಕಾಗದದ ವಿಷಯ. ನನ್ನ ಬಗ್ಗೆ ನಿಮಗೇ ಅಸಹ್ಯವಾದರೆ ಆಗಲಿ, ಓದುವುದನ್ನು ಮಾತ್ರ ನಿಲ್ಲಿಸಬೇಡಿ.

ಅಜ್ಜಿ, ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಊಟ ಮಾಡುತ್ತೇನೆ, ಕ್ಲಾಸಿಗೆ ಹೋಗುತ್ತೇನೆ. ಮೊದಲ ಟರ್ಮಿನ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಎಲ್ಲರಿಗಿಂತ ಹೆಚ್ಚು ಬಂತು, ಅರಬ್ಬಿಗೆ ಎಲ್ಲರಿಗಿಂತ ಕಡಿಮೆ. ಹುಡುಗಿಯರು ನಕ್ಕರು. ಪ್ರತಿ ಟರ್ಮಿನ ಮೊದಲ ದಿನ ಗುಮಾಸ್ತ ಎಲ್ಲರ ಹೆಸರು ಕೂಗಿ ಮುಗಿಸಿ, ಬೇರೆ ಪಟ್ಟಿ ತೆಗೆದು, "ವಿದೇಶಿಯರು!" ಅನ್ನುತ್ತಾನೆ. ಒಬ್ಬ ಸುಡಾನಿನವನು, ಇಬ್ಬರು ಯೆಮೆನಿನವರು, ಆಮೇಲೆ ದುರ್ರಿಯಾ ಪೆಲ್ಹಾಮ್. ಅಪ್ಪ ಇಂಗ್ಲಿಷಿನವನಾದರೆ ಮಗಳೂ ಈ ದೇಶದವಳಲ್ಲ ಎಂಬುದು ಕಾನೂನು. ಆ ಅಪ್ಪನ ಮುಖ ನನಗೆ ಸರಿಯಾಗಿ ನೆನಪಿಲ್ಲದಿದ್ದರೂ ಅವನ ಹೆಸರು ನನ್ನ ಬೆನ್ನಿಗಿದೆ. ಅಲೆಕ್ಸಾಂಡ್ರಿಯಾದ ಹಾಸ್ಟೆಲಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನನ್ನನ್ನು ಡೋರಾ ಅನ್ನುತ್ತಿದ್ದರು, ಇಲ್ಲಿ ಹುಡುಗಿಯರು "ಬಿಳೀತೊಗಲಿನೋನ ಮಗಳು" ಅನ್ನುತ್ತಾರೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಾಗ ನನಗೆ ಒಂದೇ ಆಸೆಯಿತ್ತು, ಎಲ್ಲರ ಹಾಗೆ ಇರಬೇಕು ಅಂತ. ಇದು ನೆಪವಲ್ಲ. ನೆಪವೇ ಇರಬಹುದು. ನೀನೇ ನಿರ್ಧರಿಸು.

ನವೆಂಬರಿನಲ್ಲಿ ಒಂದು ಕಾಗದ ಬಂದಿತ್ತು, ನೆನಪಿದೆಯಾ? ಶುಕ್ರವಾರ. ನಾನೂ, ನಿನ್ನ ಕುಣಿತಕ್ಕೆ ತಬಲಾ ನುಡಿಸುತ್ತಿದ್ದ ಮಿತ್ವಲ್ಲಿ ತಾತನೂ ವಾರವಾರ ಊಟಕ್ಕೆ ಬರುವ ದಿನ. ನೀನು ಅಬ್ದೀನ್ ಬಡಾವಣೆಯ ನಿನ್ನ ಮನೆಯ ಅಡುಗೆಕೋಣೆಯಲ್ಲಿ ಮೊಣಕಾಲು ಅಗಲಿಸಿ ಸ್ಟೂಲಿನ ಮೇಲೆ ಕೂತು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಿದ್ದೆ. ಕೈಯೆಲ್ಲ ಎಣ್ಣೆ. "ಓದೇ ದುರ್ರಾ, ಕಲಾವಿದರ ಸಂಘದೋರು ಏನಂತಾರೆ, ಇನ್ನೂ ಸಾಯ್ಲಿಲ್ವಾ ಅಂತಾರಾ?" ಅಂದೆ. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ನಿನಗೆ ಗೊತ್ತಾಗಲೂ ಇಲ್ಲ, ನಾನು ಯಾವಾಗಲೂ ಹಾಗೆಯೇ ಓದುವುದು ಎಂದು ನೀನು ಅಂದುಕೊಂಡೆ. ಆಮೇಲೆ ಗಟ್ಟಿಯಾಗಿ, "ಹೌದಜ್ಜಿ, ಪಿಂಚಣಿಗೆ ನೀನು ಬದುಕಿದ್ದೀಯ ಅಂತ ಬರೆದು ಮುದ್ರೆ ಒತ್ತಿ ಕಳಿಸಬೇಕಂತೆ" ಅಂದೆ. ನೀನು ಎಷ್ಟು ನಕ್ಕೆ! "ಬದುಕಿದೀನಾ ಅಂತ ಕೇಳೋಕೆ ಎರಡು ಹಾಳೆನಾ? ಸಿನಿಮಾದಲ್ಲಿ ನಂಗೆ ಸಾಯೋಕೆ ಇಷ್ಟು ಮಾತು ಕೊಡ್ತಿರಲಿಲ್ಲ!" ಕೈ ತೊಳೆದು, ಕೊರಳಿನ ದಾರಕ್ಕೆ ಕಟ್ಟಿದ ಚೀಲ ಬಿಚ್ಚಿ, ಸಹಿಯ ಬದಲಿಗೆ ಒತ್ತುವ ನಿನ್ನ ಹಿತ್ತಾಳೆ ಮುದ್ರೆ ತೆಗೆದೆ. ಅದರ ಮೇಲೆ ಒಮ್ಮೆ ಬಿಸಿಯುಸಿರು ಬಿಟ್ಟೆ. ನನ್ನ ಅಂಗೈಯಲ್ಲಿಟ್ಟೆ. ಯಾರ ಕೈಗೂ ಕೊಡದ ಮುದ್ರೆ ಅದು. ನಿರ್ಮಾಪಕರು ಕರಾರುಪತ್ರ ಹಿಡಿದು ಬಂದರೆ, "ಮಿತ್ವಲ್ಲಿ ಓದಲಿ, ಆಮೇಲೆ ನಾನೇ ಒತ್ತೀನಿ" ಅನ್ನುತ್ತಿದ್ದವಳು ನೀನು.

ಅಜ್ಜಿ, ಆ ಕಾಗದ ಸಂಘದ್ದಲ್ಲ. ನಮ್ಮ ಕಾಲೇಜಿನ ಸಿನಿಮಾ ಕೂಟದ್ದು. ಬರೆದವರು ಅದನ್ನು ನಡೆಸುವ ನಖ್ಲಾ ಮೇಷ್ಟ್ರು. ಅದನ್ನು ನಾನು ಹರಿಯಲಿಲ್ಲ, ನಿಘಂಟಿನೊಳಗೆ ಇಟ್ಟಿದ್ದೆ. ನಾಲ್ಕು ತಿಂಗಳು ತಡವಾಗಿ ಈಗ ನಿನಗೆ ಓದುತ್ತಿದ್ದೇನೆ. ಎಹ್ಸಾನ್ ಅಕ್ಕ, ಇಲ್ಲಿಂದ ಅವರ ಮಾತು:

"ಮಾನ್ಯ ಕಲಾವಿದೆ ಇನ್ಸಾಫ್ ಶೌಕಿ ಅವರಿಗೆ. ನೀವು 1943ರಿಂದ 1966ರವರೆಗೆ ಮೂವತ್ತೊಂದು ಚಿತ್ರಗಳಲ್ಲಿ ಅಭಿನಯಿಸಿದ್ದೀರೆಂದು ನಮ್ಮ ಲೆಕ್ಕ. ಅವುಗಳಲ್ಲಿ ಹನ್ನೊಂದರ ಪ್ರತಿಗಳು ನಮಗೆ ಸಿಕ್ಕಿವೆ. ನಮ್ಮ ವಿದ್ಯಾರ್ಥಿಗಳು ನಿಮ್ಮನ್ನು ಟಿವಿಯಲ್ಲಿ ಕತ್ತರಿಸಿದ ದೃಶ್ಯಗಳಲ್ಲಿ ಮಾತ್ರ ಕಂಡವರು. ಮದುವೆ ಮೆರವಣಿಗೆಯ ಮುಂದೆ, ಉರಿಯುವ ಮೇಣದಬತ್ತಿಗಳ ದೀಪಗೊಂಚಲನ್ನು ತಲೆಯ ಮೇಲೆ ಹೊತ್ತು, ಒಂದು ಬತ್ತಿಯೂ ಆರದಂತೆ ನೆಲದವರೆಗೆ ಇಳಿದು ಮತ್ತೆ ಏಳುವ ನಿಮ್ಮ ಕುಣಿತವನ್ನು ಅವರು ಇಡಿಯಾಗಿ ನೋಡಬೇಕು. ಹಾಗೆಯೇ ನಿಮ್ಮ ಅಭಿನಯವನ್ನೂ. ಒಂದು ಚಿತ್ರದಲ್ಲಿ ನೀವು ಕುಣಿಯುವುದೇ ಇಲ್ಲ. ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ, ನಾಯಕನಿಗೆ 'ಹೋಗು, ಅವಳು ಕಾಯ್ತಾ ಇರ್ತಾಳೆ' ಎನ್ನುತ್ತೀರಿ. ಆ ಒಂದು ಮಾತಿಗಾಗಿ ನಾವು ಆ ರೀಲನ್ನು ಐದು ಸಲ ಓಡಿಸಿದೆವು. ಮಾರ್ಚಿನಲ್ಲಿ ನಿಮ್ಮ ಮೂರು ಚಿತ್ರಗಳನ್ನು ಕಾಲೇಜಿನ ಸಭಾಂಗಣದಲ್ಲಿ ತೋರಿಸಿ, ನಿಮ್ಮನ್ನು ವೇದಿಕೆಗೆ ಕರೆದು ಗೌರವಿಸಲು ಬಯಸುತ್ತೇವೆ. ತಾವು ಒಪ್ಪಿದರೆ ಅದು ನಮ್ಮ ಭಾಗ್ಯ."

ಇಷ್ಟೇ. ಇಷ್ಟನ್ನು ನಾನು ಓದಿದ್ದರೆ ಅವತ್ತು ನೀನು ಏನು ಮಾಡುತ್ತಿದ್ದೆ ಎಂದು ಸಾವಿರ ಸಲ ಯೋಚಿಸಿದ್ದೇನೆ. ಎಲೆ ಸುತ್ತುವುದನ್ನು ಬಿಟ್ಟು, "ಇನ್ನೊಂದ್ಸಲ ಓದೇ" ಅನ್ನುತ್ತಿದ್ದೆ. ಆ ಈರುಳ್ಳಿಯ ವಿಷಯ ಮಿತ್ವಲ್ಲಿ ತಾತನಿಗೆ ಹತ್ತು ಸಲ ಹೇಳುತ್ತಿದ್ದೆ. ನಿಜವಾದ ಈರುಳ್ಳಿ ತರಿಸಲು ನೀನು ನಿರ್ದೇಶಕರ ಹತ್ತಿರ ಜಗಳವಾಡಿದ್ದೆ ಅಂತಲೂ, "ಕಣ್ಣಲ್ಲಿ ನೀರು ಬಂದ್ರೆ ಯಾವುದ್ರಿಂದ ಬಂತು ಅಂತ ನೋಡೋರಿಗೆ ಗೊತ್ತಾಗ್ಬಾರ್ದು" ಅಂದಿದ್ದೆ ಅಂತಲೂ ನನಗೆ ಆರನೇ ವಯಸ್ಸಿನಿಂದ ಗೊತ್ತು. ನಖ್ಲಾ ಮೇಷ್ಟ್ರಿಗೆ ಅದು ಗೊತ್ತಿಲ್ಲ. ಆದರೂ ಅವರು ಅದನ್ನೇ ಹಿಡಿದಿದ್ದಾರೆ.

ನಾನು ಕಂಡದ್ದು ಈರುಳ್ಳಿಯನ್ನಲ್ಲ, ಸಭಾಂಗಣವನ್ನು. ನಮ್ಮ ಕ್ಲಾಸಿನವರೆಲ್ಲ ಕೂತಿರುತ್ತಾರೆ. ದೊಡ್ಡ ಪರದೆಯ ಮೇಲೆ ನಿನ್ನ ಸೊಂಟ. ಆಮೇಲೆ ಯಾರೋ "ಇವಳಜ್ಜಿಯಂತೆ" ಅನ್ನುತ್ತಾರೆ. ಅಪ್ಪ ಇಂಗ್ಲಿಷಿನವನು, ಅಜ್ಜಿ ನೈಟ್ ಕ್ಲಬ್ಬಿನ ಕುಣಿತದವಳು. ಮುಗಿಯಿತು. ರಬಾಬಿಗಂತೂ ಏನು ಹೇಳಲಿ? ರಬಾಬ್ ನನ್ನ ಕೋಣೆಯ ಜೊತೆಗಾತಿ, ದಮನ್‌ಹೂರಿನವಳು, ತಲೆಗೆ ಬಟ್ಟೆ ಕಟ್ಟದೆ ಕಿಟಕಿಯನ್ನೂ ತೆರೆಯುವವಳಲ್ಲ. ಮನೆಯಿಂದ ಬಂದ ತಿಂಡಿಯಲ್ಲಿ ನನಗೆ ಅರ್ಧ ಎತ್ತಿಡುವವಳೂ ಅವಳೇ. ನನ್ನ ಅಜ್ಜಿ ಬಟ್ಟೆ ಹೊಲಿಯುತ್ತಿದ್ದರು ಅಂತ ಅವಳಿಗೆ ಹೇಳಿಬಿಟ್ಟಿದ್ದೆ. ಪೂರ್ತಿ ಸುಳ್ಳಲ್ಲ ಅಂದುಕೊಂಡೆ, ನಿನ್ನ ಕುಣಿತದ ಉಡುಪಿಗೆ ಮಣಿ ಹೊಲಿಯುತ್ತಿದ್ದವಳು ನೀನೇ ಅಲ್ಲವೇ. ನೋಡು, ಸುಳ್ಳಿಗೂ ನಿನ್ನನ್ನೇ ಬಳಸಿಕೊಂಡೆ.

ಹಾಗಾಗಿ, ನೀನು ಒಲೆಯ ಮುಂದೆ ನಿಂತಿದ್ದಾಗ, ಊಟದ ಮೇಜಿನ ಮೇಲೆ ಹಾಳೆ ಹರಡಿ, ನಿನ್ನ ಹೆಸರಿನಲ್ಲಿ ಉತ್ತರ ಬರೆದೆ. "ಬರಲಾಗುವುದಿಲ್ಲ" ಎಂದು ಬರೆದಿದ್ದರೆ ಸಾಕಿತ್ತು. ಆದರೆ ಮತ್ತೆ ಕರೆದರೆ? ಮನೆಗೇ ಬಂದರೆ? ಸನ್ಯಾಸಿನಿಯರು ನಮಗೆ ಪ್ರಬಂಧಕ್ಕೆ ಗಟ್ಟಿಯಾದ ಮುಕ್ತಾಯ ಇರಬೇಕೆಂದು ಕಲಿಸಿದ್ದರು. ನಾನು ಮುಕ್ತಾಯ ಬರೆದೆ: "ನಾನು ಆ ಬದುಕಿಗಾಗಿ ಪಶ್ಚಾತ್ತಾಪ ಪಟ್ಟು ದೇವರ ಕ್ಷಮೆ ಬೇಡಿದ್ದೇನೆ. ಅದು ಹರಾಮಿನ ಅನ್ನ. ನನ್ನೊಡನೆ ಅದನ್ನು ಉಂಡವರೂ ಕ್ಷಮೆ ಬೇಡಲಿ. ದಯವಿಟ್ಟು ನನ್ನ ಚಿತ್ರಗಳನ್ನು ಯಾರಿಗೂ ತೋರಿಸಬೇಡಿ." ಆಮೇಲೆ ಮುದ್ರೆಯನ್ನು ಶಾಯಿಗೆ ಅದ್ದಿ ಒತ್ತಿದೆ. ಮಬ್ರೂಕಾ ಅಬ್ದುಲ್ ಆಲ್. ನೀನು ಹುಟ್ಟಿದಾಗಿನ ಹೆಸರು, ಸಿನಿಮಾದವರು ಮುಟ್ಟದ ಹೆಸರು. ಅದು ತುಂಬ ಸ್ಪಷ್ಟವಾಗಿ ಮೂಡಿತು. ಮುದ್ರೆಯನ್ನು ಒರೆಸಿ ನಿನಗೆ ಕೊಟ್ಟೆ. ನೀನು, "ಬದುಕಿದೀನಿ ಅಂತ ಚೆನ್ನಾಗಿ ಬರೆದ್ಯಾ?" ಅಂದೆ. ನಾನು ಹೂಂ ಅಂದೆ.

ಎಹ್ಸಾನ್ ಅಕ್ಕ, ಇಲ್ಲಿ ಅಜ್ಜಿ ಎದ್ದು ಹೋದರೆ ಕಾಯಿರಿ. ವಾಪಸ್ಸು ಬಂದ ಮೇಲೆ ಮುಂದಕ್ಕೆ ಓದಿ.

ಆ ಕಾಗದ ಹೇಗೋ ಒಂದು ವಾರಪತ್ರಿಕೆಯವರ ಕೈಗೆ ಸಿಕ್ಕಿತು. ಡಿಸೆಂಬರಿನಲ್ಲಿ ನಿನ್ನ ಹಳೆಯ ಫೋಟೋ ಹಾಕಿ, ಚೌಕದೊಳಗೆ ಅಚ್ಚುಮಾಡಿದರು. ನನ್ನ ಮುಕ್ತಾಯವನ್ನು ದಪ್ಪಕ್ಷರದಲ್ಲಿ. ರಬಾಬ್ ಅದನ್ನು ಕತ್ತರಿಸಿ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಚುಚ್ಚಿದಳು. "ನೋಡೇ ದುರ್ರಿಯಾ, ಎಂಥವರಿಗೂ ಒಂದಿನ ಬೆಳಕು ಕಾಣತ್ತೆ. ನಂಗೆ ಅಳುನೇ ಬಂತು" ಅಂದಳು. ನಾನು ದಿನಕ್ಕೆ ಆರು ಸಲ ಅದರ ಮುಂದೆ ಹಾದುಹೋಗುತ್ತಿದ್ದೆ, ನೀನು ನನ್ನನ್ನೇ ನೋಡಿ ನಗುತ್ತಿದ್ದೆ. ನಿಮ್ಮ ಬೀದಿಯಲ್ಲಂತೂ ಹಬ್ಬ. ನೀನು ಡಾಕ್ಟರ ಮಾತಿಗೆ ಸಿಗರೇಟು ಬಿಟ್ಟು ಆಗ ಎರಡು ವಾರವಾಗಿತ್ತು. ಕಿರಾಣಿ ಅಂಗಡಿಯವನು ಎದ್ದು ನಿಂತು, "ದೇವರು ಸ್ವೀಕರಿಸಲಿ ಹಾಜಿಯಮ್ಮ" ಅಂದ. ಮೂರನೇ ಮಹಡಿಯ ಹೆಂಗಸರು ತಲೆಗೆ ಕಟ್ಟುವ ಬಿಳಿ ಬಟ್ಟೆ ತಂದುಕೊಟ್ಟರು. ನೀನು ನನ್ನ ಕಿವಿಯಲ್ಲಿ, "ಒಂದು ಸಿಗರೇಟು ಬಿಟ್ಟಿದ್ದಕ್ಕೆ ಇಡೀ ಬೀದಿ ಹಿಗ್ತಾ ಇದೆಯಲ್ಲೇ, ಮೊದಲೇ ಗೊತ್ತಿದ್ರೆ ಮೂವತ್ತು ವರ್ಷದ ಹಿಂದೆ ಬಿಡ್ತಿದ್ದೆ" ಅಂದೆ. ನಾನೂ ನಿನ್ನ ಜೊತೆ ನಕ್ಕೆ.

ಮಿತ್ವಲ್ಲಿ ತಾತ ಮಾತ್ರ ಪತ್ರಿಕೆ ಬಂದ ವಾರದ ಶುಕ್ರವಾರ ಊಟಕ್ಕೆ ಬರಲಿಲ್ಲ. ಮರುವಾರವೂ ಇಲ್ಲ. ನೀನು ಮೂರು ತಟ್ಟೆ ಇಟ್ಟೆ, ಒಂದನ್ನು ತೆಗೆದೆ. ಮೂರನೇ ವಾರ, "ಏನಾಯ್ತೋ ಮುದುಕನಿಗೆ, ನಡೀ ನೋಡ್ಕೊಂಡು ಬರೋಣ" ಅಂತ, ಎಲೆಸುರುಳಿ ಡಬ್ಬಿಗೆ ತುಂಬಿಕೊಂಡು ಹೊರಟೆ. ವಾದ್ಯಗಾರರ ಆ ಬೀದಿ, ಆ ನಾಲ್ಕು ಮಹಡಿ. ಪ್ರತಿ ಮಹಡಿಗೂ ನಿಂತು ಮಂಡಿ ಒತ್ತಿಕೊಂಡು ಹತ್ತಿದೆ. ಬಾಗಿಲು ತಟ್ಟಿದರೆ ಒಳಗಿನಿಂದ, "ಹಾಜಿಯಮ್ಮನವರು ಹರಾಮಿನ ಮನೆಗೆ ಯಾಕೆ ಬಂದ್ರಿ? ಕಾಲು ಕೊಳೆಯಾಗತ್ತೆ" ಅಂದರು. ನೀನು ತಮಾಷೆ ಅಂದುಕೊಂಡೆ. "ಬಾಗಿಲು ತೆಗಿಯೋ ಕಳ್ಳ, ಮಂಡಿ ಬಿದ್ದುಹೋಗ್ತಾ ಇದೆ" ಅಂದೆ. "ನನ್ನ ಹತ್ತಿರ ಏನು ಕೇಳ್ತೀರಿ, ಪೇಪರಿನಲ್ಲಿದೆಯಲ್ಲ, ಓದ್ಕೊಳ್ಳಿ."

ಓದ್ಕೊಳ್ಳಿ. ನಿನಗೆ. ಇಪ್ಪತ್ತಮೂರು ವರ್ಷ ನಿನ್ನ ಪ್ರತಿ ಸಂಭಾಷಣೆಯನ್ನು ತೊಡೆಯ ಮೇಲೆ ತಾಳ ಹಾಕಿ ಓದಿ ಓದಿ ಬಾಯಿಪಾಠ ಮಾಡಿಸಿದವರು, ಕಣ್ಣಿಗೆ ಪೊರೆ ಬಂದ ಮೇಲೆ ಆ ಕೆಲಸವನ್ನು ಒಂಬತ್ತು ವರ್ಷದ ನನ್ನ ಕೈಗೆ ಒಪ್ಪಿಸಿದವರು, ಮುಚ್ಚಿದ ಬಾಗಿಲಿನ ಹಿಂದೆ ನಿಂತು ಹಾಗೆ ಅಂದರು. ನೀನು ನನ್ನ ಕಡೆ ತಿರುಗಿ, "ಪೇಪರಲ್ಲಿ ಏನಿದೆಯೇ?" ಎಂದು ಕೇಳಿದೆ. ಅಜ್ಜಿ, ಆಗ ಒಂದು ಮಾತು ಸಾಕಿತ್ತು. ಬಾಗಿಲಿನ ಆಚೆ ಅವರಿದ್ದರು, ಈಚೆ ನೀನಿದ್ದೆ, ಸತ್ಯ ಗೊತ್ತಿದ್ದವಳು ನಾನೊಬ್ಬಳೇ. "ಏನೂ ಇಲ್ಲ ಅಜ್ಜಿ, ವಯಸ್ಸಾಯ್ತಲ್ಲ, ತಾತನಿಗೆ ತಲೆ ಸರಿಯಿಲ್ಲ" ಅಂದೆ. ಮೊದಲನೆಯದನ್ನು ಹೆದರಿ ಮಾಡಿದೆ ಅಂದುಕೊಳ್ಳಬಹುದು. ಇದನ್ನು ನಿನ್ನ ಮುಖ ನೋಡಿಕೊಂಡೇ ಮಾಡಿದೆ.

ಇಳಿಯುವಾಗ ನೀನು, "ಅವನು ನಂಗೆ ಬನ್ನಿ ಹೋಗಿ ಅಂದನಲ್ಲೇ" ಅಂದೆ. ಅಷ್ಟೇ ಅಂದದ್ದು. ಡಬ್ಬಿಯನ್ನು ಕೆಳಗಿನ ಕಾವಲುಗಾರನ ಹೆಂಡತಿಗೆ ಕೊಟ್ಟೆ. ಜನವರಿಯಲ್ಲಿ, "ಹಮೀದಾ ಒಬ್ಬಳೇ ಇದಾಳೆ, ಸ್ವಲ್ಪ ದಿನ ಅಲ್ಲಿರ್ತೀನಿ" ಎಂದು ಹೊರಟೆ. ಹಮೀದಾ ಅಜ್ಜಿ ಒಬ್ಬಳೇ ಇಲ್ಲ, ಮನೆತುಂಬ ಜನ. ಮೂರು ತಟ್ಟೆ ಇಡುವ ಮನೆಯಲ್ಲಿ ಒಬ್ಬಳೇ ಕೂರಲಾರದೆ ಹೋದವಳು ನೀನು. ರೈಲು ಹತ್ತಿಸಿ ಕೈಬೀಸಿದವಳು ನಾನು.

ಫೆಬ್ರವರಿಯ ರಜೆಯಲ್ಲಿ ರಬಾಬ್ ತನ್ನ ಮನೆಗೆ ಕರೆದುಕೊಂಡು ಹೋದಳು. ಬಾತುಕೋಳಿ, ರೊಟ್ಟಿ, ಅನ್ನ, ಬೇಡ ಅಂದಷ್ಟೂ ಬಡಿಸುವ ಮನೆ. ನಡುಮನೆಯ ಗೋಡೆಯ ಮೇಲೆ ಅವಳ ಅಪ್ಪ ಅಮ್ಮನ ಮದುವೆಯ ಫೋಟೋ. ನೀನು ಅಂಥವನ್ನು ನೂರು ಸಲ ತೆಗೆಸಿಕೊಂಡಿದ್ದೀಯ: ನಡುವೆ ಕುಣಿತದವಳು, ಎಡಕ್ಕೆ ಮದುಮಗಳು, ಬಲಕ್ಕೆ ಮದುಮಗ, ಇಬ್ಬರ ಅಂಗೈಯೂ ಅವಳ ಹೊಟ್ಟೆಯ ಮೇಲೆ, ಮಕ್ಕಳಾಗಲಿ ಎಂದು. ಆದರೆ ಇಲ್ಲಿ ಕುಣಿತದವಳ ಮುಖಕ್ಕೆ ಒಂದು ಕಾಗದದ ಗುಲಾಬಿ ಅಂಟಿಸಿತ್ತು. ಹತ್ತಿರ ಹೋಗಿ ನೋಡಿದೆ. ನೀನಲ್ಲ, ಕೈಗಳು ಬೇರೆ, ಬೆರಳು ಮೊಂಡು. ರಬಾಬಿನ ಅಮ್ಮ ನಾನು ನೋಡುವುದನ್ನು ಕಂಡು, "ಮುಖಾನ ನಾನೇ ಮುಚ್ಚಿದೆ ಕಣಮ್ಮ, ಬಂದೋರು ಹೋದೋರು ಏನಂದ್ಕೋತಾರೆ. ಪೂರ್ತಿ ಕತ್ತರಿಸೋಣ ಅಂದ್ರೆ ನಮ್ಮಿಬ್ಬರ ಕೈ ಅವಳ ಮೇಲಿದೆಯಲ್ಲ, ನಮ್ಮ ಕೈನೇ ಕತ್ತರಿಸ್ಕೋಬೇಕು!" ಅಂದು ನಕ್ಕರು. "ಆ ಹೊಟ್ಟೆ ಮುಟ್ಟಿದ್ದಕ್ಕೆ ಸರಿಯಾಗಿ ಒಂಬತ್ತು ತಿಂಗಳಿಗೆ ಇವಳು ಹುಟ್ಟಿದ್ದು." ರಬಾಬ್ "ಅಮ್ಮಾ!" ಎಂದು ಕೆಂಪಾದಳು. ಅವಳಪ್ಪ ಬಾತುಕೋಳಿಯ ಕಾಲು ಕಚ್ಚುತ್ತಾ, "ಆದ್ರೂ ಏನು ಕುಣಿದಳು ಅಂತೀಯ..." ಅಂದರು. "ನೀವು ಸುಮ್ನೆ ತಿನ್ನಿ" ಅಂದರು ಅಮ್ಮ. ಎಲ್ಲರೂ ನಕ್ಕರು. ಒಳ್ಳೆಯ ಜನ ಅಜ್ಜಿ, ಕೆಟ್ಟವರಲ್ಲ. ಅದೇ ನನ್ನನ್ನು ಕೊಂದದ್ದು. ಅವರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಸನ್ಯಾಸಿನಿಯರ ಹಾಸ್ಟೆಲು, ಬೂಟು, ಪುಸ್ತಕ, ಹಲ್ಲಿಗೆ ಹಾಕಿಸಿದ ತಂತಿ, ಎಲ್ಲವೂ ನಿನ್ನ ಕುಣಿತದಿಂದ ಬಂದದ್ದು. ನನ್ನ ಕೈಯನ್ನು ನಿನ್ನ ಹೊಟ್ಟೆಯ ಮೇಲೇ ಇಟ್ಟುಕೊಂಡು ನಿನ್ನ ಮುಖ ಮುಚ್ಚಿದೆ.

ಕಳೆದ ಗುರುವಾರ ಮಿತ್ವಲ್ಲಿ ತಾತನ ಹತ್ತಿರ ಹೋದೆ. ನಾಲ್ಕು ಮಹಡಿ ಹತ್ತುವ ಅಗತ್ಯ ಬೀಳಲಿಲ್ಲ, ಕೆಳಗಿನ ವಾದ್ಯದ ಅಂಗಡಿಯಲ್ಲಿ ಕೂತು ಮಣ್ಣಿನ ತಬಲಾಕ್ಕೆ ಮೀನಿನ ಚರ್ಮ ಬಿಗಿಯುತ್ತಿದ್ದರು, ಕಣ್ಣು ಕಾಣದಿದ್ದರೂ ಬೆರಳಿನಲ್ಲೇ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆ ವಾಕ್ಯವನ್ನು ನನ್ನ ಬಾಯಲ್ಲಿ ಇನ್ನೊಮ್ಮೆ ಹೇಳಿಸಿದರು. "ನನ್ನೊಡನೆ ಅದನ್ನು ಉಂಡವರೂ ಕ್ಷಮೆ ಬೇಡಲಿ." ತಬಲಾದ ಅಂಚಿಗೆ ಎರಡು ಪೆಟ್ಟು ಹಾಕಿ ನಿಲ್ಲಿಸಿ, "ತಾಳವೇ ಇಲ್ಲ ಇದಕ್ಕೆ" ಅಂದರು. "ಅವಳು ಬೈದ್ರೂ ತಾಳದಲ್ಲಿ ಬೈಯೋಳು. ನಂಗೆ ಗೊತ್ತಾಗ್ಬೇಕಿತ್ತು. ಕತ್ತೆ ನಾನು." ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು. "ಒಂದು ಸಲ ಪೇಪರಿನೋರು 'ಇನ್ಸಾಫ್ ಶೌಕಿ ಬಸುರಿ ಎಮ್ಮೆ ಹಾಗೆ ಕುಣೀತಾಳೆ' ಅಂತ ಬರೆದಿದ್ರು. ಅದನ್ನೂ ಓದಿದೆ. ನನ್ನ ಮೇಲೆ ಚಪ್ಪಲಿ ಎಸೆದಳು. ಎರಡನೇ ಚಪ್ಪಲಿ ಬರೋ ಮುಂಚೆ ಉಳಿದ ಸಾಲೂ ಓದಿ ಮುಗಿಸಿದೆ. ಅವಳ ಕಣ್ಣು ನಮ್ಮ ಹತ್ತಿರ ಇತ್ತಮ್ಮ. ಕದಿಯೋಕೆ ಅದೊಂದೇ ಸಿಕ್ತಾ ನಿಂಗೆ?"

ನಾಳೆಯೇ ಜಗಾಜಿಗಿಗೆ ಹೋಗಿ ನಿನ್ನ ಕಾಲಿಗೆ ಬೀಳುತ್ತೇನೆ ಅಂದೆ. "ಬೇಡ" ಅಂದರು. "ನೀನು ಅಳ್ತೀಯ, ಅವಳು ನಿನ್ನ ಸಮಾಧಾನ ಮಾಡ್ತಾಳೆ, ಅನ್ನ ಹಾಕ್ತಾಳೆ, ವಿಷಯ ಅಲ್ಲಿಗೇ ಮುಗಿಯತ್ತೆ. ಕಾಗದ ಬರಿ. ಅವಳು ನಿನ್ನ ಮುಖ ನೋಡದೆ ಕೇಳಲಿ. ಸಿಟ್ಟು ಮಾಡ್ಕೊಳ್ಳೋ ಹಕ್ಕಾದ್ರೂ ಅವಳಿಗಿರಲಿ." ಅದಕ್ಕೇ ಬರುವ ಬದಲು ಬರೆಯುತ್ತಿದ್ದೇನೆ. ಆರು ಸಲ ಬರೆದು ಹರಿದೆ. ಐದನೆಯದು ತುಂಬ ಚೆನ್ನಾಗಿತ್ತು, ಅದಕ್ಕೇ ಹರಿದೆ.

ಹಾಸ್ಟೆಲಿಗೆ ಬಂದು ನೋಟಿಸ್ ಬೋರ್ಡಿನಲ್ಲಿದ್ದ ಆ ತುಣುಕಿನ ಕೆಳಗೆ ಪೆನ್ನಿನಲ್ಲಿ, "ಇದು ಸುಳ್ಳು. ಇದನ್ನು ಬರೆದು ಕದ್ದು ಮುದ್ರೆ ಒತ್ತಿದವಳು ಇವರ ಮೊಮ್ಮಗಳು, ದುರ್ರಿಯಾ ಪೆಲ್ಹಾಮ್, ಕೋಣೆ 214" ಎಂದು ಬರೆದೆ. 214 ಅನ್ನು ಎರಡು ಸಲ ತಿದ್ದಬೇಕಾಯಿತು. ಪತ್ರಿಕೆಯವರಿಗೂ ಬರೆದಿದ್ದೇನೆ, ಹಾಕುತ್ತಾರೋ ಇಲ್ಲವೋ. ಊಟದ ಸಾಲಿನಲ್ಲಿ ಪಿಸುಮಾತು ಶುರುವಾಗಿದೆ. ಒಬ್ಬಳು ನಾನು ಹೋಗುವಾಗ ಮೇಜು ಬಡಿದು ತಾಳ ಹಾಕಿದಳು, ನಾಲ್ಕು ಜನ ನಕ್ಕರು. ನಾನು ಹೆದರಿದ್ದು ಇದಕ್ಕೇ. ಹೆದರಿದಷ್ಟೇ ಕೆಟ್ಟದಾಗಿದೆ, ಅದಕ್ಕಿಂತ ಹೆಚ್ಚೇನಿಲ್ಲ. ರಬಾಬ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಗೋಡೆಯ ಕಡೆ ಮುಖ ಮಾಡಿಕೊಂಡೇ, "ನಿಮ್ಮಜ್ಜಿ ನಮಾಜು ಮಾಡ್ತಾರಾ?" ಎಂದು ಕೇಳಿದಳು. ಐದು ಹೊತ್ತೂ ಮಾಡುತ್ತಾರೆ, ನನ್ನಮ್ಮ ಹುಟ್ಟುವ ಮುಂಚಿನಿಂದ, ಕುಣಿತಕ್ಕೆ ಹೋಗುವ ಮೊದಲೂ ಮಾಡುತ್ತಿದ್ದರು ಅಂದೆ. "ಕುಣಿದಿದ್ದು ಅವರ ಲೆಕ್ಕ, ದೇವರು ನೋಡ್ಕೋತಾನೆ. ಸುಳ್ಳು ಬರೆದಿದ್ದು ಮಾತ್ರ ನಿನ್ನ ಲೆಕ್ಕ" ಅಂದಳು. ಆಮೇಲೆ ದೀಪ ಆರಿಸಿದಳು. ತಿಂಡಿಯಲ್ಲಿ ಅರ್ಧ ಎತ್ತಿಟ್ಟಿರಲಿಲ್ಲ.

ಅಜ್ಜಿ, ನನ್ನನ್ನು ಕ್ಷಮಿಸು ಎಂದು ಬರೆಯಲು ಹೋಗಿ ನಿಲ್ಲಿಸಿದ್ದೇನೆ. ಹಾಗೆ ಬರೆದರೆ ನೀನು ಕ್ಷಮಿಸಿಬಿಡುತ್ತೀಯ. ಸಿಟ್ಟು ಮಾಡಿಕೋ. ಹಮೀದಾ ಅಜ್ಜಿಗೆ ಹೇಳಿಕೊಂಡು ಬೈಯಿ. ನಾನು ಅಂಟಿಸಿದ ಚೀಟಿಗಳನ್ನು ಡಬ್ಬಿಯಿಂದ ಕಿತ್ತುಹಾಕು, ಮಾತ್ರೆ ಮಾತ್ರ ತಪ್ಪಿಸಬೇಡ.

ಹಮೀದಾ ಅಜ್ಜಿಗೆ ನನ್ನ ನಮಸ್ಕಾರ, ಕೈಗೆ ಮುತ್ತು. ಎಹ್ಸಾನ್ ಅಕ್ಕನ ಮಕ್ಕಳಿಗೆ ಪ್ರೀತಿ. ಎಹ್ಸಾನ್ ಅಕ್ಕ, ಒಂದು ಪದವನ್ನೂ ಬಿಡದೆ ಇಲ್ಲಿಯವರೆಗೆ ಓದಿದ್ದರೆ ನಿಮ್ಮ ಋಣ ನನ್ನ ಮೇಲೆ ಯಾವಾಗಲೂ ಇರುತ್ತದೆ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನೀನು ಹೆಸರಿಟ್ಟ,
ದುರ್ರಿಯಾ

ಮರೆತೆ — ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ನಖ್ಲಾ ಮೇಷ್ಟ್ರನ್ನು ಕಂಡು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ ಹೇಳಲಾರೆ. ಆದರೆ ಆ ಹನ್ನೊಂದು ಚಿತ್ರಗಳನ್ನು ಅವರು ವಾಪಸ್ಸು ಕಳಿಸಿಲ್ಲ. ಈ ತಿಂಗಳ 24, ಗುರುವಾರ ಸಂಜೆ ಐದಕ್ಕೆ ಸಭಾಂಗಣ ಖಾಲಿಯಿದೆ. ನೀನು ಒಪ್ಪಿದರೆ ಮಾತ್ರ ಪೋಸ್ಟರ್ ಹಾಕುತ್ತಾರೆ, ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಸಲ ಕಾಗದ ಬೇಡ ಅಂದಿದ್ದಾರೆ, ನಿನ್ನ ಬಾಯಿಂದಲೇ ಕೇಳಬೇಕಂತೆ. ವಾದ್ಯದ ಅಂಗಡಿಯಲ್ಲಿ ಫೋನಿದೆ, ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ, ಎಹ್ಸಾನ್ ಅಕ್ಕ ತಿರುಗಿಸಿ ಕೊಡಲಿ. ನಾಡಿದ್ದು ಶುಕ್ರವಾರ ಫೋನು ಮಾಡು, ಅಷ್ಟರೊಳಗೆ ಈ ಕಾಗದ ತಲುಪದಿದ್ದರೆ ಅದರ ಮುಂದಿನ ಶುಕ್ರವಾರ, ಮಧ್ಯಾಹ್ನದ ನಮಾಜಾದ ಮೇಲೆ. ಎರಡೂ ಶುಕ್ರವಾರ ಮಿತ್ವಲ್ಲಿ ತಾತ ಊಟ ಮಾಡದೆ ಆ ಫೋನಿನ ಪಕ್ಕ ಕೂತಿರುತ್ತಾರೆ. ಮೇಷ್ಟ್ರಿಗೆ ನಿನ್ನ ಮಾತು ಮುಟ್ಟಿಸುವವರೂ ಅವರೇ. ಬರುತ್ತೇನೆ ಅನ್ನು, ಬರಲ್ಲ ಅನ್ನು, ಕತ್ತೆ ಅಂತ ಬೈಯಿ, ನೀನು ಏನು ಹೇಳಿದರೂ ಅವರೇ ಕೇಳಿಸಿಕೊಳ್ಳಲಿ. ನಡುವೆ ನಾನಿರುವುದಿಲ್ಲ.